ಮೀಟರ್‌ನಲ್ಲಿ ಅದೇ 640: ಬೆಳಿಗ್ಗೆ ಫೋಮ್ ಉಬ್ಬಲ್ಲ, ಮಧ್ಯಾಹ್ನ ಮೇಲಿನ ತಗಡೇ ಕರಗುತ್ತದೆ

ಕಪನೂರ್_ಮೆಕ್

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ, ಮೆಕ್ಯಾನಿಕಲ್ ಕೊನೆಯ ವರ್ಷ. ನಾವು ನಾಲ್ಕು ಜನ ಸೇರಿ ಅಲ್ಯೂಮಿನಿಯಂ ಫೋಮ್ ಸ್ಯಾಂಡ್‌ವಿಚ್ ಮಾಡಲು ಹೊರಟಿದ್ದೇವೆ. ಅಂದರೆ ಮೇಲೆ ಕೆಳಗೆ ಗಟ್ಟಿ ತಗಡು, ನಡುವೆ ಬನ್ನಿನ ಒಳಗಿನ ಹಾಗೆ ತೂತು ತೂತಾದ ಅಲ್ಯೂಮಿನಿಯಂ. ಅಂಟು ಹಾಕುವ ಹಾಗಿಲ್ಲ, ನಡುವಿನದು ಭಟ್ಟಿಯಲ್ಲೇ ಉಬ್ಬಿ ತಗಡಿಗೆ ಕಚ್ಚಿಕೊಳ್ಳಬೇಕು.

ಇದೇ ಯಾಕೆ ಅಂದರೆ, ನಮ್ಮ ಅಪ್ಪ ತೊಗರಿ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿನ ಜರಡಿ ಸೀಸನ್‌ನಲ್ಲಿ ಬೆಳಗಿನಿಂದ ರಾತ್ರಿವರೆಗೆ ನಡುಗುತ್ತಲೇ ಇರುತ್ತದೆ. ಚೌಕಟ್ಟಿನ ವೆಲ್ಡಿಂಗ್ ಬಿಡುತ್ತದೆ, ಮತ್ತೆ ಹಚ್ಚುತ್ತಾರೆ, ಮತ್ತೆ ಬಿಡುತ್ತದೆ. ಫೋಮ್ ಹಲಗೆ ಹಗುರ, ಬಾಗುವುದಿಲ್ಲ, ನಡುಕವನ್ನೂ ನುಂಗುತ್ತದೆ ಅಂತ ಓದಿದಾಗಿನಿಂದ ಆ ಜರಡಿಯೇ ತಲೆಯಲ್ಲಿ ಕೂತಿದೆ.

ನಾವು ಮಾಡುವುದು ಹೀಗೆ. ಅಲ್ಯೂಮಿನಿಯಂ ಪುಡಿ, ಅದಕ್ಕೆ 7% ಸಿಲಿಕಾನ್ ಪುಡಿ, 0.6% ಟೈಟೇನಿಯಂ ಹೈಡ್ರೈಡ್ (ಕಾಯಿಸಿದರೆ ಹೈಡ್ರೋಜನ್ ಗ್ಯಾಸ್ ಬಿಟ್ಟು ಲೋಹವನ್ನು ಉಬ್ಬಿಸುವ ಪುಡಿ). ಚೆನ್ನಾಗಿ ಬೆರೆಸಿ, 1 ಮಿಮೀ ದಪ್ಪದ ಎರಡು ಸಾದಾ ಅಲ್ಯೂಮಿನಿಯಂ ತಗಡಿನ ನಡುವೆ ಇಟ್ಟು 420 ಡಿಗ್ರಿಯಲ್ಲಿ ಅರ್ಧ ಗಂಟೆ ಪ್ರೆಸ್‌ನಲ್ಲಿ ಒತ್ತುತ್ತೇವೆ. ತುಂಡು 100 ಮಿಮೀ ಉದ್ದ, ಅಷ್ಟೇ ಅಗಲ. ಒತ್ತಿದ ಮೇಲೆ ನಡುವಿನ ಪದರ 6 ಮಿಮೀ. ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಆಮೇಲೆ ಅದನ್ನು 10 ಮಿಮೀ ದಪ್ಪದ ಉಕ್ಕಿನ ತಟ್ಟೆಯ ಮೇಲಿಟ್ಟು, 640ಕ್ಕೆ ಬಂದು ನಿಂತಿರುವ ಮಫಲ್ ಭಟ್ಟಿಗೆ ತಟ್ಟೆ ಸಮೇತ ತಳ್ಳುತ್ತೇವೆ. ಸರಿಯಾಗಿ 8 ನಿಮಿಷಕ್ಕೆ ಹೊರಗೆ ತೆಗೆಯುತ್ತೇವೆ. ಭಟ್ಟಿ ಕಪನೂರಿನಲ್ಲಿ ಗೆಳೆಯನ ಕಾಕಾ ಅವರ ಶೆಡ್ಡಿನಲ್ಲಿದೆ, ಸೆಕೆಂಡ್ ಹ್ಯಾಂಡ್ ತಂದದ್ದು.

ಇಲ್ಲಿಯವರೆಗೆ 11 ತುಂಡು ಮಾಡಿದ್ದೇವೆ. ಒಂದರ ಹಾಗೆ ಇನ್ನೊಂದಿಲ್ಲ. ಬೆಳಿಗ್ಗೆ ಮೊದಲು ಹಾಕಿದ್ದು ಹೆಚ್ಚು ಕಡಿಮೆ ಹಾಗೇ ಇರುತ್ತದೆ, 6 ಇದ್ದದ್ದು 8 ಮಿಮೀ ಆಗಬಹುದು. ಹ್ಯಾಕ್‌ಸಾದಲ್ಲಿ ಕೊಯ್ದು ನೋಡಿದರೆ ಗುಂಡಗಿನ ತೂತು ಇಲ್ಲವೇ ಇಲ್ಲ, ತಗಡಿಗೆ ಸಮನಾಗಿ ಉದ್ದುದ್ದ ಮಲಗಿದ ಬಿರುಕುಗಳು, ಕಲ್ಲಿನ ಪದರ ಬಿಟ್ಟ ಹಾಗೆ. ಕೆಲವು ಕಡೆ ಮೇಲಿನ ತಗಡು ಉಗುರು ಹಾಕಿದರೆ ಎದ್ದು ಬರುತ್ತದೆ. ಮಧ್ಯಾಹ್ನ ಎರಡು ಮೂರು ಗಂಟೆಗೆ ಹಾಕಿದ್ದು ಇದಕ್ಕೆ ಪೂರ್ತಿ ಉಲ್ಟಾ. ಮೇಲಿನ ತಗಡು ನಡುವೆ ಕುಸಿದು ಎರಡು ಕಡೆ ತೂತು ಬಿದ್ದಿರುತ್ತದೆ, ಒಳಗೆ ಒಂದು ದೊಡ್ಡ ಗವಿ, ತಳದಲ್ಲಿ ಲೋಹ ಇಳಿದು ಗಟ್ಟಿಯಾಗಿ ಕೂತಿರುತ್ತದೆ. ಮೀಟರ್ ಮಾತ್ರ ಎರಡೂ ಸಲ 640 ತೋರಿಸುತ್ತದೆ. ನಡುವೆ, ಹನ್ನೊಂದು ಗಂಟೆ ಸುಮಾರಿಗೆ ಹಾಕಿದ ಒಂದೇ ಒಂದು ತುಂಡು ಚೆನ್ನಾಗಿ ಬಂದಿತ್ತು. ಅದು ಯಾಕೆ ಚೆನ್ನಾಗಿ ಬಂತು ಅನ್ನುವುದೂ ಗೊತ್ತಿಲ್ಲ, ಅದೇ ಹೆಚ್ಚು ಕಾಡುತ್ತಿದೆ.

ಪುಡಿ ಸರಿಯಾಗಿ ಬೆರೆತಿಲ್ಲ ಅಂತ ಗೈಡ್ ಹೇಳುತ್ತಾರೆ. ಆದರೆ ಒಂದೇ ಡಬ್ಬಿಯ ಪುಡಿಯಲ್ಲಿ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ಬರುತ್ತಿದೆಯಲ್ಲ. ಉಷ್ಣತೆಯನ್ನು 660ಕ್ಕೆ ಏರಿಸಬೇಕೋ 620ಕ್ಕೆ ಇಳಿಸಬೇಕೋ? ಗೊತ್ತಿದ್ದವರು ದಯವಿಟ್ಟು ಹೇಳಿ. ಹೈಡ್ರೈಡ್ ಪುಡಿ ದುಬಾರಿ, ಇನ್ನು ಹತ್ತು ತುಂಡಿಗೆ ಆಗುವಷ್ಟು ಮಾತ್ರ ಉಳಿದಿದೆ.

ಎರಕದ_ಮನೆ_ಹುಮನಾಬಾದ್

ತಮ್ಮಾ, ನಾನು ಫೋಮ್ ಮಾಡಿದವನಲ್ಲ. ಆದರೆ ಅಲ್ಯೂಮಿನಿಯಂ ಎರಕದಲ್ಲಿ 22 ವರ್ಷ ಆಯಿತು. ಎರಕದವರಿಗೆ ಹೈಡ್ರೋಜನ್ ಅಂದರೆ ವೈರಿ, ಕರಗಿದ ಲೋಹದಿಂದ ಅದನ್ನು ಹೊರಗೆ ಹಾಕುವುದೇ ನಮ್ಮ ದಿನದ ಕೆಲಸ. ನೀವು ಬೇಕು ಅಂತಲೇ ಒಳಗೆ ಸೇರಿಸುತ್ತಿದ್ದೀರಿ. ಕುತೂಹಲವಾಗಿ ಎರಡು ಸಲ ಓದಿದೆ.

ಬೆಳಗಿನ ತುಂಡಿನ ಕತೆ ನನಗೆ ಹೀಗೆ ಕಾಣುತ್ತದೆ. ಜೋಳದ ರೊಟ್ಟಿ ಬಡಿದು ಹಂಚಿನ ಮೇಲೆ ಹಾಕಿದಾಗ ಹಂಚು ಚೆನ್ನಾಗಿ ಕಾದಿದ್ದರೆ ಆವಿ ಒಮ್ಮೆಲೆ ಎದ್ದು ರೊಟ್ಟಿ ಉಬ್ಬುತ್ತದೆ. ಹಂಚು ಅರೆಬಿಸಿ ಇದ್ದರೆ ಆವಿ ನಿಧಾನವಾಗಿ ಸಂದಿಯಲ್ಲಿ ಸೋರಿ ಹೋಗುತ್ತದೆ, ಆಮೇಲೆ ಎಷ್ಟೇ ಉರಿ ಹಾಕಿದರೂ ಅದು ಉಬ್ಬುವುದಿಲ್ಲ, ಒಣಗುತ್ತದೆ ಅಷ್ಟೇ. ನಿಮ್ಮ ಹೈಡ್ರೈಡ್ 400ರ ಆಸುಪಾಸಿನಲ್ಲೇ ಹೈಡ್ರೋಜನ್ ಬಿಡಲು ಶುರು ಮಾಡುತ್ತದೆ. ಸಿಲಿಕಾನ್ ಸೇರಿದ ಅಲ್ಯೂಮಿನಿಯಂ ಕರಗಲು ಶುರುವಾಗುವುದು 577ಕ್ಕೆ. ಈ ಎರಡರ ನಡುವೆ ಸುಮಾರು 175 ಡಿಗ್ರಿ ಅಂತರ ಇದೆ ನೋಡು. ಆ ದಾರಿಯನ್ನು ತುಂಡು ನಿಧಾನವಾಗಿ ದಾಟಿದರೆ ಗ್ಯಾಸ್ ಗಟ್ಟಿ ಲೋಹವನ್ನು ಸೀಳಿಕೊಂಡು ಹೊರಗೆ ಹೋಗುತ್ತದೆ. ನೀನು ಹೇಳಿದ ಮಲಗಿದ ಬಿರುಕುಗಳು ಅವೇ. ಒತ್ತಿದ ಪುಡಿಯಲ್ಲಿ ಪದರ ಹೇಗಿದೆಯೋ ಹಾಗೇ ಸೀಳುತ್ತದೆ.

ನಿಧಾನ ಯಾಕಾಯಿತು? ನಿನ್ನ ತಟ್ಟೆ ನೋಡು. 10 ಮಿಮೀ ಉಕ್ಕು, ತುಂಡಿಗಿಂತ ಸ್ವಲ್ಪ ದೊಡ್ಡದು, 150 ಮಿಮೀ ಚೌಕ ಅಂತ ಇಟ್ಟುಕೊಂಡರೂ ಒಂದೂ ಮುಕ್ಕಾಲು ಕಿಲೋ ತೂಗುತ್ತದೆ. ನಿನ್ನ ತುಂಡು ಕಾಲು ಕಿಲೋ ಕೂಡ ಇಲ್ಲ. ಭಟ್ಟಿ ಕೊಟ್ಟ ಬಿಸಿಯನ್ನೆಲ್ಲ ಮೊದಲು ತಟ್ಟೆಯೇ ಕುಡಿಯುತ್ತದೆ. ಬೆಳಿಗ್ಗೆ ತಣ್ಣಗಿನ ತಟ್ಟೆ, ಮಧ್ಯಾಹ್ನದ ಹೊತ್ತಿಗೆ ಹಿಂದಿನ ತುಂಡಿನಿಂದ ಕಾದ ತಟ್ಟೆ. 8 ನಿಮಿಷ ಅನ್ನುವುದು ಎರಡಕ್ಕೂ ಒಂದೇ ಹೇಗಾಗುತ್ತದೆ? ತಟ್ಟೆಯನ್ನು ಭಟ್ಟಿಯೊಳಗೇ ಬಿಡು. ಅದು ಕಾದ ಮೇಲೆ ತುಂಡನ್ನಷ್ಟೇ ಇಕ್ಕಳದಲ್ಲಿ ಒಳಗೆ ಇಡು.

ನನ್ನ ಕೈಗೆ ಕೊಟ್ಟರೆ ಭಟ್ಟಿಯನ್ನು 700ಕ್ಕೆ ಇಟ್ಟು ಬೇಗ ಬೇಗ ಕಾಯಿಸಿ ಬೇಗ ತೆಗೆಯುತ್ತೇನೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ಬೇಗ ತಣ್ಣಗೆ ಮಾಡಬೇಕು ಅಂತ ಬಿಸಿ ತುಂಡನ್ನು ನೀರಿಗೆ ಹಾಕಬೇಡಿ. ತಗಡು ತೂತಾಗಿ ಒಳಗಿನ ಕರಗಿದ ಅಲ್ಯೂಮಿನಿಯಂ ನೀರಿಗೆ ಸಿಕ್ಕರೆ ಸಿಡಿಯುತ್ತದೆ. ನಮ್ಮ ಕೆಲಸದಲ್ಲಿ ಒಬ್ಬ ಹುಡುಗನ ಮುಖಕ್ಕೆ ಸಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಂಪ್ರೆಸರ್ ಗಾಳಿ ಸಾಕು, ಅದೂ ಪುಡಿ ಬೆರೆಸುವ ಜಾಗದಿಂದ ದೂರ. ಅಲ್ಯೂಮಿನಿಯಂ ಪುಡಿ ಗಾಳಿಯಲ್ಲಿ ಎದ್ದರೆ ಒಂದು ಕಿಡಿ ಸಾಕು. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇಟ್ಟುಕೊಳ್ಳಿ, ಪುಡಿಗೆ ಬೆಂಕಿ ಹತ್ತಿದರೂ ನೀರು ಹಾಕಬಾರದು.

ಕಪನೂರ್_ಮೆಕ್

ಅಣ್ಣಾ, ತುಂಬಾ ಥ್ಯಾಂಕ್ಸ್. ತಟ್ಟೆ 150 ಮಿಮೀ ಚೌಕವೇ, ನೋಡದೆ ಹೇಗೆ ಹೇಳಿದಿರಿ! ನೀರಿಗೆ ಹಾಕುವ ಯೋಚನೆ ನಿಜವಾಗಿ ಇತ್ತು, ಇನ್ನು ಹಾಕುವುದಿಲ್ಲ.

ಆದರೆ ಒಂದು ಅನುಮಾನ. ನಮ್ಮ ಹತ್ತಿರ ಇಂಥ ತಟ್ಟೆ ಎರಡಿವೆ, ಮಧ್ಯಾಹ್ನವೂ ಒಂದೊಂದು ಸಲ ತಣ್ಣಗಿನದನ್ನೇ ಬಳಸಿದ್ದೇವೆ. ಆಗಲೂ ತಗಡು ಕರಗಿದೆ. 1 ಮಿಮೀ ತಗಡು ಸಾದಾ ಅಲ್ಯೂಮಿನಿಯಂ, 643ರಿಂದ 657ರ ನಡುವೆ ಕರಗುವುದು. ಭಟ್ಟಿ 640 ಇದ್ದರೆ ಅದು ಕರಗಬಾರದಲ್ವಾ?

ವಾಡಿ_ಇನ್‌ಸ್ಟ್ರುಮೆಂಟ್

ಇದೇ ಪ್ರಶ್ನೆಗೆ ಕಾಯುತ್ತಿದ್ದೆ. 640ರ ಭಟ್ಟಿಯಲ್ಲಿ ಆ ತಗಡು ತಾನಾಗಿ ಕರಗುವುದಿಲ್ಲ. ಅಂದರೆ ನಿಮ್ಮ ಭಟ್ಟಿ 640ರಲ್ಲಿ ಇಲ್ಲ. ಮೀಟರ್ ಮಾತ್ರ 640ರಲ್ಲಿದೆ.

ನಾನು ಸಿಮೆಂಟ್ ಕಾರ್ಖಾನೆಯಲ್ಲಿ ಥರ್ಮೋಕಪಲ್, ಅಂದರೆ ಬಿಸಿ ಅಳೆಯುವ ಜೋಡಿ ತಂತಿ, ನೋಡಿಕೊಳ್ಳುವ ಕೆಲಸ ಮಾಡುವವನು. ಭಟ್ಟಿ ಸೆಕೆಂಡ್ ಹ್ಯಾಂಡ್ ಅಂದಿರಿ. ಒಂದು ಕೆಲಸ ಮಾಡಿ. ಭಟ್ಟಿಯ ಹಿಂದೆ ಥರ್ಮೋಕಪಲ್ ಹೊರಗೆ ಬರುವ ಜಾಗದಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ. ಅಲ್ಲಿಂದ ಮೀಟರ್‌ವರೆಗೆ ಯಾವ ವೈರ್ ಎಳೆದಿದ್ದಾರೆ ನೋಡಿ. ಮನೆಯ ಸ್ವಿಚ್‌ಬೋರ್ಡಿಗೆ ಹಾಕುವ ಸಾದಾ ತಾಮ್ರದ ವೈರ್ ಇದ್ದರೆ ನಿಮ್ಮ ಕಳ್ಳ ಸಿಕ್ಕ ಹಾಗೆ.

ಯಾಕೆ ಅಂತ ಹೇಳುತ್ತೇನೆ. ಥರ್ಮೋಕಪಲ್ ಅಳೆಯುವುದು ಎರಡು ತುದಿಗಳ ನಡುವಿನ ಬಿಸಿಯ ವ್ಯತ್ಯಾಸವನ್ನು. ಒಂದು ತುದಿ ಭಟ್ಟಿಯೊಳಗೆ, ಇನ್ನೊಂದು ತುದಿ ಮೀಟರ್‌ನಲ್ಲಿ ಇರಬೇಕು. ಮೀಟರ್ ತನ್ನ ಹತ್ತಿರದ ಬಿಸಿ ಎಷ್ಟಿದೆ ಅಂತ ತಾನೇ ನೋಡಿಕೊಂಡು ಅಷ್ಟನ್ನು ಕೂಡಿಸಿ ತೋರಿಸುತ್ತದೆ. ಅದಕ್ಕೇ ನಡುವೆ ಕಾಂಪೆನ್ಸೇಟಿಂಗ್ ಕೇಬಲ್, ಅಂದರೆ ಥರ್ಮೋಕಪಲ್ ತಂತಿಯ ಹಾಗೇ ವರ್ತಿಸುವ ವೈರ್ ಹಾಕುವುದು, ಕೆ ಟೈಪ್ ಥರ್ಮೋಕಪಲ್‌ಗೆ ಕೆ ಟೈಪ್‌ನದೇ ಕೇಬಲ್. ಸಾದಾ ತಾಮ್ರ ಹಾಕಿದರೆ ಆ ಎರಡನೇ ತುದಿ ಭಟ್ಟಿಯ ಹಿಂದಿನ ಮುಚ್ಚಳದಲ್ಲೇ ಮುಗಿದುಹೋಗುತ್ತದೆ. ಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ಮುಚ್ಚಳ 75 ಡಿಗ್ರಿಗೆ ಕಾದು ಮೀಟರ್ ಇರುವ ಜಾಗ 40 ಇದ್ದರೆ, ತೋರಿಸುವ ಅಂಕಿ ನಿಜಕ್ಕಿಂತ ಸುಮಾರು 35 ಕಮ್ಮಿ. ಮೀಟರ್ 640 ಅನ್ನುವ ಹೊತ್ತಿಗೆ ಒಳಗೆ 675.

ಬೆಳಿಗ್ಗೆ ಭಟ್ಟಿ ಹಚ್ಚಿದ ಹೊಸತರಲ್ಲಿ ಹಿಂದಿನ ಗೋಡೆ ಇನ್ನೂ ತಣ್ಣಗಿರುತ್ತದೆ, ಮುಚ್ಚಳವೂ ಮೀಟರೂ ಹೆಚ್ಚು ಕಡಿಮೆ ಒಂದೇ ಬಿಸಿ. ಆಗ ಮೀಟರ್ ಹೇಳುವುದು ಬಹುತೇಕ ನಿಜ. ಭಟ್ಟಿ ನಾಲ್ಕೈದು ಗಂಟೆ ಓಡಿದ ಮೇಲೆ ಇಟ್ಟಿಗೆ ಪೂರ್ತಿ ಕಾದು ಮುಚ್ಚಳ ಮುಟ್ಟಲು ಆಗದ ಹಾಗಾಗುತ್ತದೆ. ನಿಮ್ಮ ಹನ್ನೊಂದು ಗಂಟೆಯ ಒಳ್ಳೆಯ ತುಂಡು ಈ ಎರಡರ ನಡುವೆ ಎಲ್ಲೋ ಸರಿಯಾದ ಜಾಗಕ್ಕೆ ಬಿದ್ದಿದೆ. ಹೊಸ ಕೇಬಲ್ ಹಾಕುವಾಗ ಪ್ಲಸ್ ಮೈನಸ್ ಅದಲು ಬದಲು ಆಗದ ಹಾಗೆ ನೋಡಿಕೊಳ್ಳಿ, ಅದು ಇನ್ನೊಂದು ಥರದ ತಪ್ಪು ಲೆಕ್ಕ ಕೊಡುತ್ತದೆ. ನಮ್ಮಲ್ಲೇ ಹೊಸ ಹುಡುಗರು ಮಾಡುತ್ತಾರೆ.

ಇಷ್ಟಾದರೂ ಅದು ಭಟ್ಟಿಯ ಗಾಳಿಯ ಬಿಸಿ, ತುಂಡಿನದಲ್ಲ. ತುಂಡಿನ ಪಕ್ಕದಿಂದ ನಡುವಿನ ಪದರಕ್ಕೆ ಒಂದು ಸಣ್ಣ ತೂತು ಕೊರೆದು 1.5 ಮಿಮೀ ದಪ್ಪದ ಥರ್ಮೋಕಪಲ್ ಒಳಗೆ ಇಡಿ. ದುಡ್ಡು ಉಳಿಸಲು ದೂರದಿಂದಲೇ ಬಿಸಿ ನೋಡುವ ಇನ್ಫ್ರಾರೆಡ್ ಗನ್ ಹಿಡಿದು ಅಳೆಯಬೇಡಿ. ಹೊಳೆಯುವ ಅಲ್ಯೂಮಿನಿಯಂ ತನ್ನ ಶಾಖವನ್ನು ಹೊರಗೆ ಸೂಸುವುದೇ ತೀರಾ ಕಮ್ಮಿ, ಗನ್ ಸುಮ್ನೆ ಏನೇನೋ ತೋರಿಸುತ್ತದೆ.

ಶಹಾಪುರದವಳು

ವಾಡಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಎಂಟೆಕ್‌ನಲ್ಲಿ ಇದೇ ವಿಷಯದ ಮೇಲೆ ಎರಡು ವರ್ಷ ಕೂತಿದ್ದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಒಂದು ಲೆಕ್ಕ. ನಿಮ್ಮ ನಡುವಿನ ಪದರ 60 ಘನ ಸೆಂಮೀ, ತೂಕ ಸುಮಾರು 162 ಗ್ರಾಂ, ಅದರಲ್ಲಿ ಹೈಡ್ರೈಡ್ ಹತ್ತಿರ ಹತ್ತಿರ 1 ಗ್ರಾಂ. ಟೈಟೇನಿಯಂ ಹೈಡ್ರೈಡ್‌ನ ತೂಕದಲ್ಲಿ 4% ಹೈಡ್ರೋಜನ್. ಅಷ್ಟೂ ಹೊರಬಂದರೆ 600 ಡಿಗ್ರಿಯಲ್ಲಿ ಸುಮಾರು 1.4 ಲೀಟರ್ ಗ್ಯಾಸ್ ಆಗುತ್ತದೆ. ನಿಮಗೆ ಬೇಕಾಗಿರುವುದು ಎಷ್ಟು? 6 ಮಿಮೀ ಪದರ 22 ಮಿಮೀ ಆಗಬೇಕು ಅಂದರೆ 160 ಮಿಲೀ. ಅಂದರೆ ಎಂಟರಲ್ಲಿ ಒಂದು ಪಾಲು ಒಳಗೆ ಉಳಿದರೂ ಸಾಕು. ಗ್ಯಾಸ್ ಸಾಲುತ್ತಿಲ್ಲ ಅಂತ ಹೈಡ್ರೈಡ್ ಜಾಸ್ತಿ ಹಾಕಲು ಹೋಗಬೇಡಿ. ಗ್ಯಾಸ್ ಬೇಕಾದಷ್ಟಿದೆ, ಅದು ಹೊರಬರುವ ಹೊತ್ತಿಗೆ ಲೋಹ ಮೆತ್ತಗಾಗಿಲ್ಲ, ಅಷ್ಟೇ.

ಈ ಅಂತರ ಕಮ್ಮಿ ಮಾಡಲು ಒಂದು ಒಳ್ಳೆಯ ಉಪಾಯ ಇದೆ. ಹೈಡ್ರೈಡ್ ಪುಡಿಯನ್ನು ಬೆರೆಸುವ ಮೊದಲೇ 480 ಡಿಗ್ರಿಯಲ್ಲಿ 3 ಗಂಟೆ, ತೆರೆದ ಗಾಳಿ ಇರುವ ಭಟ್ಟಿಯಲ್ಲಿ, ತೆಳುವಾಗಿ ಹರಡಿ ಕಾಯಿಸುವುದು. ಸ್ವಲ್ಪ ಹೈಡ್ರೋಜನ್ ಹೋಗುತ್ತದೆ, ಹೋಗಲಿ. ಪ್ರತಿ ಕಣದ ಸುತ್ತ ಆಕ್ಸೈಡ್ ಸಿಪ್ಪೆ ಕಟ್ಟುತ್ತದೆ. ಆ ಸಿಪ್ಪೆ ಗ್ಯಾಸನ್ನು ತಡೆದು ಹಿಡಿಯುತ್ತದೆ, 400ರ ಸುತ್ತ ಶುರುವಾಗುವುದು 500ರ ಆಚೆಗೆ ಹೋಗುತ್ತದೆ. ನೀವು 420ರಲ್ಲಿ ಅರ್ಧ ಗಂಟೆ ಒತ್ತುವಾಗ ಸೋರುವುದೂ ನಿಲ್ಲುತ್ತದೆ. ಕಾಯಿಸುವಾಗ ಒಂದೇ ಸಲ ಎಲ್ಲವನ್ನೂ ಹಾಕಬೇಡಿ, ಸ್ವಲ್ಪ ಸ್ವಲ್ಪ ಹಾಕಿ, ಇದು ಬೆಂಕಿ ಹತ್ತುವ ಪುಡಿ, ಗೈಡ್ ಪಕ್ಕದಲ್ಲಿರಲಿ.

ಈಗ ಮೇಲಿನ ಮಿತಿ. ಇಲ್ಲಿ ಹುಮನಾಬಾದ್ ಅಣ್ಣನ 700ರ ಮಾತಿಗೆ ನಾನು ಅರ್ಧ ಒಪ್ಪುತ್ತೇನೆ. ಬೇಗ ಕಾಯಿಸಬೇಕು ಅನ್ನುವುದು ಸರಿ. ಆದರೆ ತುಂಡು ಎಷ್ಟಕ್ಕೆ ಹೋಗಿ ನಿಂತಿತು ಅನ್ನುವುದು ಬೇರೆ ಮಾತು. ಈ ಮಿಶ್ರಣ 577ಕ್ಕೆ ಕರಗಲು ಶುರುವಾಗಿ 615ರ ಸುತ್ತ ಪೂರ್ತಿ ನೀರಾಗುತ್ತದೆ. ನಡುವೆ ಅಂಬಲಿಯ ಹಾಗೆ ಇರುತ್ತದೆ, ಅರ್ಧ ಕಾಳು ಅರ್ಧ ದ್ರವ. ಫೋಮ್‌ಗೆ ಬೇಕಾದದ್ದು ಆ ಹದದ ಮೇಲ್ತುದಿ. ಅಲ್ಲಿ ಗುಳ್ಳೆ ಹಿಗ್ಗುವಷ್ಟು ಮೆತ್ತಗಿರುತ್ತದೆ, ಗೋಡೆಯಿಂದ ಲೋಹ ಇಳಿದು ಹೋಗದಷ್ಟು ದಪ್ಪಗೂ ಇರುತ್ತದೆ. ಜಾಸ್ತಿ ಬಿಸಿಯಾದರೆ ತೆಳ್ಳಗಾಗಿ ಗೋಡೆಗಳು ಬರಿದಾಗಿ ಒಡೆಯುತ್ತವೆ, ಗುಳ್ಳೆ ಗುಳ್ಳೆ ಸೇರಿ ಗವಿಯಾಗುತ್ತದೆ. ನಿಮ್ಮ ಮಧ್ಯಾಹ್ನದ ತುಂಡು ಅದೇ.

ತಗಡು ತೂತಾಗಲು ಇನ್ನೊಂದು ಕಾರಣವೂ ಇದೆ, ಇದನ್ನು ಬಹಳ ಜನ ನೋಡುವುದಿಲ್ಲ. ತಗಡು ಕರಗಲು 643 ಬೇಕು, ನಿಜ. ಆದರೆ ಪಕ್ಕದಲ್ಲಿ ಸಿಲಿಕಾನ್ ಇರುವ ದ್ರವ ಇದೆಯಲ್ಲ, ಅದು 615 ದಾಟಿದರೆ ಇನ್ನೂ ಅಲ್ಯೂಮಿನಿಯಂ ಕರಗಿಸಿಕೊಳ್ಳುವ ಶಕ್ತಿ ಪಡೆಯುತ್ತದೆ. ನೀರಿಗೆ ಸಕ್ಕರೆ ಕರಗಿದ ಹಾಗೆ ತಗಡನ್ನು ಒಳಗಿನಿಂದ ತಿನ್ನುತ್ತದೆ. ಅಂಬಲಿಯ ಹದದಲ್ಲೇ ಇದ್ದರೆ ಆ ದ್ರವಕ್ಕೆ ಹೊಟ್ಟೆ ತುಂಬಿರುತ್ತದೆ, ಅಲ್ಲೇ ಅಲ್ಯೂಮಿನಿಯಂ ಕಾಳುಗಳು ಇರುತ್ತವಲ್ಲ, ತಗಡಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ನಿಮ್ಮ ತಗಡಿಗೆ ನಿಜವಾದ ಅಪಾಯ 643ರಿಂದ ಶುರುವಾಗುವುದಲ್ಲ, 615 ದಾಟಿದ ಕೂಡಲೇ ಶುರು. ಭಟ್ಟಿ 650 ಇರಲಿ, 660 ಇರಲಿ, ಒಳಗಿನ ಥರ್ಮೋಕಪಲ್ 605ರಿಂದ 610 ತೋರಿಸಿದ ಕ್ಷಣ ಹೊರಗೆ ತೆಗೆಯಿರಿ. ಗಡಿಯಾರ ನೋಡಿ ತೆಗೆಯಬೇಡಿ.

ಆ ಥರ್ಮೋಕಪಲ್ ಇನ್ನೊಂದು ಉಪಕಾರ ಮಾಡುತ್ತದೆ. ಬಿಸಿ ಏರುತ್ತಾ ಏರುತ್ತಾ 577ರ ಹತ್ತಿರ ಅಂಕಿ ಸ್ವಲ್ಪ ಹೊತ್ತು ನಿಂತುಬಿಡುತ್ತದೆ, ಕರಗಲು ಬಿಸಿ ಬೇಕಲ್ಲ ಅದಕ್ಕೆ. ನಿಮ್ಮ ಮೀಟರ್‌ನಲ್ಲಿ ಅದು 577ರ ಬದಲು 560ಕ್ಕೆ ನಿಂತರೆ ಮೀಟರ್ 17 ಕಮ್ಮಿ ತೋರಿಸುತ್ತಿದೆ ಅಂತ ಅರ್ಥ. ಲೋಹವೇ ನಿಮಗೆ ಮೀಟರ್ ತಪ್ಪನ್ನು ಹೇಳಿಕೊಡುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಕ್ಷಣ ಇದು.

ಹಿನ್ನೆಲೆ ಬೇಕು ಅಂದರೆ, ಪುಡಿ ಒತ್ತಿ ಉಬ್ಬಿಸುವ ಈ ದಾರಿಯನ್ನು ಈಗಿನ ರೂಪಕ್ಕೆ ತಂದವರು ಜರ್ಮನಿಯ ಬ್ರೆಮೆನ್‌ನ ಫ್ರೌನ್‌ಹೋಫರ್ ಸಂಸ್ಥೆಯವರು, 1990ರ ಸುಮಾರಿಗೆ. ಸ್ಯಾಂಡ್‌ವಿಚ್‌ಗೆ ಅವರು ತಗಡನ್ನು ರೋಲಿಂಗ್ ಮಿಲ್ಲಿನಲ್ಲಿ ಒತ್ತಿ ಕಚ್ಚಿಸುತ್ತಾರೆ. ಜಪಾನಿನ ಶಿಂಕೊ ವೈರ್ ಕಂಪನಿಯ ಆಲ್ಪೊರಾಸ್ ಬೇರೆ ಥರ, 680ರಲ್ಲಿ ಕರಗಿದ ಅಲ್ಯೂಮಿನಿಯಂಗೆ ಕ್ಯಾಲ್ಸಿಯಂ ಸೇರಿಸಿ ಕಲಕಿ ದಪ್ಪ ಮಾಡಿ, ಆಮೇಲೆ ಹೈಡ್ರೈಡ್ ಹಾಕಿ ದೊಡ್ಡ ದಿಮ್ಮಿ ಉಬ್ಬಿಸುವುದು. ಆ ದಿಮ್ಮಿಯನ್ನು ಹೋಳು ಮಾಡಿ ತಗಡು ಅಂಟಿಸಿದರೆ ಅದೂ ಸ್ಯಾಂಡ್‌ವಿಚ್ಚೇ, ಆದರೆ ಬಿಸಿ ಜಾಗದಲ್ಲಿ ಅಂಟು ಸೋಲುತ್ತದೆ. ನಿಮ್ಮ ದಾರಿ ಕಷ್ಟ, ಆದರೆ ಮೊದಲಿಂದ ಕೊನೆವರೆಗೆ ಲೋಹವೇ.

ಕಪನೂರ್_ಮೆಕ್

ಅಕ್ಕಾ, ಇದನ್ನು ಪ್ರಿಂಟ್ ತೆಗೆದು ಶೆಡ್ಡಿನ ಗೋಡೆಗೆ ಅಂಟಿಸಿದ್ದೇವೆ. ವಾಡಿ ಅಣ್ಣಾ, ಈಗಷ್ಟೇ ಮುಚ್ಚಳ ಬಿಚ್ಚಿ ನೋಡಿದೆ. ಕೆಂಪು ಕಪ್ಪು ಸಾದಾ ತಾಮ್ರದ ವೈರ್, ಇನ್ಸುಲೇಶನ್ ಸುಟ್ಟು ಗಟ್ಟಿಯಾಗಿದೆ.

ತಗಡೇ ಕರಗದ ಹಾಗೆ ಉಕ್ಕಿನ ತಗಡು ಹಾಕಿದರೆ ಹೇಗೆ? ಕಾಕಾ ಹತ್ತಿರ ಜಿಐ ಶೀಟ್ ಬೇಕಾದಷ್ಟು ಬಿದ್ದಿದೆ.

ಶಹಾಪುರದವಳು

ಉಕ್ಕು ಕರಗುವುದಿಲ್ಲ, ಆದರೆ ಕರಗಿದ ಅಲ್ಯೂಮಿನಿಯಂ ಜೊತೆ ಸೇರಿ ನಡುವೆ ಒಂದು ಹೊಸ ಪದರ ಹುಟ್ಟುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಸೇರಿದ್ದು. ತೆಳ್ಳಗಿದ್ದರೆ ಅದೇ ಹಿಡಿತ ಕೊಡುತ್ತದೆ. ಬಿಸಿ ಜಾಸ್ತಿ ಆದಷ್ಟೂ, ಹೊತ್ತು ಜಾಸ್ತಿ ಆದಷ್ಟೂ ಅದು ದಪ್ಪ ಆಗುತ್ತದೆ, ದಪ್ಪ ಆದರೆ ಗಾಜಿನ ಹಾಗೆ ಚಟ್ ಅಂತ ಬಿಡುತ್ತದೆ. ಜರಡಿಯ ನಡುಕಕ್ಕೆ ಅದು ಬೇಡ. ಜಿಐ ಅಂತೂ ಬೇಡವೇ ಬೇಡ, ಮೇಲಿನ ಸತು 420ಕ್ಕೇ ಕರಗಿ ನಡುವೆ ಸೇರಿಕೊಳ್ಳುತ್ತದೆ. ಈಗಿರುವ ತಗಡಿನಲ್ಲೇ ಸರಿ ಮಾಡಿ.

ಬಿದರಿ_ಮನೆತನ

ಸತು ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ನಮ್ಮದು ಬೀದರ್, ಮನೆಯಲ್ಲಿ ಬಿದರಿ ಕೆಲಸ. ನಾವು ಎರಕ ಹೊಯ್ಯುವುದು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ, 16 ಪಾಲಿಗೆ 1 ಪಾಲು ಅಂತ ಹಿರಿಯರ ಲೆಕ್ಕ. ಮೀಟರ್ ಇಲ್ಲ. ಮೂಸೆಯ ಮೇಲೆ ಬಿಳಿ ಹೊಗೆ ಎದ್ದರೆ ಬಿಸಿ ಮೀರಿದೆ, ಸತು ಉರಿದು ಹೋಗುತ್ತಿದೆ ಅಂತ ಅಜ್ಜ ಕೂಡಲೇ ಮೂಸೆ ಇಳಿಸುತ್ತಿದ್ದರು. ಬಿಸಿ ಕಮ್ಮಿ ಆದರೆ ಹೂಜಿಯ ಕುತ್ತಿಗೆಯಲ್ಲೇ ಲೋಹ ನಿಂತು ಅಚ್ಚು ತುಂಬುವುದಿಲ್ಲ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಕಪ್ಪು ಮಾಡುವಾಗಲೂ ಅಷ್ಟೇ, ಸಾಮಾನು ಸರಿಯಾಗಿ ಬಿಸಿ ಇಲ್ಲದಿದ್ದರೆ ಬಣ್ಣ ಹಿಡಿಯದು, ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುವ ಆ ಹೊಳಪು ಬರದು.

ನಿಮಗೆ ಒಂದು ಕೆಲಸದ ಮಾತು ಹೇಳುತ್ತೇನೆ. ಅಜ್ಜ ಪ್ರತಿ ಸಲ ಮೊದಲ ಎರಕವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಚ್ಚು, ಇಕ್ಕಳ, ಒಲೆಯ ಬಾಯಿ ಎಲ್ಲ ಒಂದೇ ಬಿಸಿಗೆ ಬರಲಿ ಅಂತ. ನೀವೂ ಭಟ್ಟಿ ಹಚ್ಚಿ ಎರಡು ಗಂಟೆ ಖಾಲಿ ಓಡಿಸಿ, ಒಂದು ಹಳೆಯ ತುಂಡು ಹಾಕಿ ತೆಗೆದು, ಆಮೇಲೆ ಒಳ್ಳೆಯದನ್ನು ಹಾಕಿ. ಪುಡಿ ಕಮ್ಮಿ ಇದೆ ಅಂದಿರಲ್ಲ.

ಎರಕದ_ಮನೆ_ಹುಮನಾಬಾದ್

ಬಿದರಿಯವರು ಹೇಳಿದ್ದು ಕೇಳು ತಮ್ಮಾ. ಮತ್ತೆ ಶಹಾಪುರದ ತಂಗಿ ಹೇಳಿದ್ದು ಸರಿ, 700 ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಾನು ಮೂಸೆಯ ಲೆಕ್ಕದಲ್ಲಿ ಹೇಳಿದೆ, ತಗಡು ಒಳಗಿನಿಂದ ಕರಗುವುದು ನನ್ನ ಯೋಚನೆಗೆ ಬಂದಿರಲಿಲ್ಲ.

ಕಪನೂರ್_ಮೆಕ್

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಡುವೆ ಎರಡು ದಿನ ಕರೆಂಟ್ ಕೈ ಕೊಟ್ಟಿತು. ಒಂದು ತುಂಡು ಭಟ್ಟಿಯೊಳಗೆ 500ರ ಹತ್ತಿರ ಇದ್ದಾಗಲೇ ಕರೆಂಟ್ ಹೋಯಿತು. ಅದನ್ನು ಬಿಸಾಡದೆ ಕರೆಂಟ್ ಬಂದ ಮೇಲೆ ಮತ್ತೆ ಕಾಯಿಸಿದೆವು, ಅಣ್ಣ ಹೇಳಿದ ಅರೆಬಿಸಿ ಹಂಚಿನ ರೊಟ್ಟಿಯೇ ಆಯಿತು, 9 ಮಿಮೀಗೆ ನಿಂತು ಬಿರುಕು ಬಿಟ್ಟಿತು.

ಮಾಡಿದ್ದು ಇಷ್ಟು. ಕೆ ಟೈಪ್ ಕೇಬಲ್ ಹಾಕಿದೆವು. ಹಾಕುವ ಮೊದಲು ಹಳೆಯ ವೈರಿನಲ್ಲೇ, ಮಧ್ಯಾಹ್ನ ಭಟ್ಟಿ ಕಾದಿದ್ದಾಗ, ಬೇರೆ ಮೀಟರ್‌ಗೆ ನೇರವಾಗಿ ಜೋಡಿಸಿದ ಇನ್ನೊಂದು ಥರ್ಮೋಕಪಲ್ ಪಕ್ಕದಲ್ಲಿಟ್ಟು ನೋಡಿದೆ. ಭಟ್ಟಿಯ ಮೀಟರ್ 640, ಇದು 671. ವಾಡಿ ಅಣ್ಣ ಊಹಿಸಿ ಹೇಳಿದ್ದಕ್ಕೆ 4 ಡಿಗ್ರಿ ಕಮ್ಮಿ ಅಷ್ಟೇ. ಗೈಡ್‌ಗೆ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಕಾಲೇಜಿನ ಭಟ್ಟಿಯ ಹಿಂದೆಯೂ ಹೋಗಿ ಮುಚ್ಚಳ ಬಿಚ್ಚಿಸಿದರು.

ಹೈಡ್ರೈಡ್ ಅರ್ಧ ಪಾಲನ್ನು 480ರಲ್ಲಿ 3 ಗಂಟೆ ಕಾಯಿಸಿದೆವು, ಬೂದು ಬಣ್ಣ ಇದ್ದದ್ದು ಇನ್ನೂ ಕಪ್ಪಾಯಿತು. ತಟ್ಟೆಯನ್ನು ಒಳಗೇ ಬಿಟ್ಟೆವು. ಭಟ್ಟಿ 650. ಎರಡು ಗಂಟೆ ಖಾಲಿ ಓಡಿಸಿ, ಮೊದಲು ಕೆಟ್ಟ ತುಂಡೊಂದನ್ನು ಹಾಕಿ ತೆಗೆದು, ಆಮೇಲೆ ಹೊಸದನ್ನು ಇಟ್ಟೆವು. ಒಬ್ಬ ಇಕ್ಕಳ ಹಿಡಿದು ಬಾಗಿಲ ಹತ್ತಿರ, ನಾನು ಮೀಟರ್ ಮುಂದೆ. ಅಂಕಿ 500 ದಾಟಿತು, 550 ದಾಟಿತು, 574ಕ್ಕೆ ಬಂದು ನಿಂತಿತು. 574, 575, 575, 575. ಅಕ್ಕಾ, ನೀವು ಹೇಳಿದ್ದು ಓದಿ ಗೊತ್ತಿದ್ದರೂ ಕಣ್ಣ ಮುಂದೆ ಅದು ನಿಂತಾಗ ಮೈ ಜುಂ ಅಂತು. ಎಷ್ಟು ಹೊತ್ತು ಅಂತ ಎಣಿಸಲು ಮರೆತೆ. ಆಮೇಲೆ ಮತ್ತೆ ಏರಿತು. ಮೀಟರ್ 2 ಕಮ್ಮಿ ತೋರಿಸುತ್ತಿದೆ ಅಂತ ಲೆಕ್ಕ ಹಿಡಿದು, 606 ಆದಾಗ ತೆಗೆ ಅಂದೆ. ಬಾಗಿಲ ಸಂದಿಯಲ್ಲಿ ಇಣುಕಿದಾಗ ಮೇಲಿನ ತಗಡು ಸಮನಾಗಿ ಎದ್ದು ನಿಂತಿತ್ತು, ಹೊದಿಕೆಯೊಳಗೆ ಯಾರೋ ಉಸಿರೆಳೆದ ಹಾಗೆ.

ಗಾಳಿ ಬಿಟ್ಟು ತಣ್ಣಗೆ ಮಾಡಿ ಅಳೆದರೆ ತಗಡು ಸೇರಿ 24 ಮಿಮೀ. ಒಂದು ಮೂಲೆ ಕೊಯ್ದು ನೋಡಿದೆವು. ಗುಂಡಗಿನ ಗುಳ್ಳೆಗಳು, ಹೆಚ್ಚಿನವು ಜೋಳದ ಕಾಳಿನಷ್ಟು, ನಡುವೆ ಅಲ್ಲಲ್ಲಿ ಕಡಲೆಯಷ್ಟು. ಮೇಲಿನ ತಗಡಿಗೂ ಫೋಮ್‌ಗೂ ನಡುವೆ ಗೆರೆಯೇ ಕಾಣುವುದಿಲ್ಲ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಲು ನೋಡಿದೆವು, ಫೋಮ್ ಹರಿಯಿತೇ ಹೊರತು ತಗಡು ಬಿಡಲಿಲ್ಲ. ತಳದಲ್ಲಿ ಮಾತ್ರ ಸುಮಾರು 1 ಮಿಮೀ ಗಟ್ಟಿ ಪದರ ಇದೆ, ಲೋಹ ಸ್ವಲ್ಪ ಕೆಳಗೆ ಇಳಿದಿದೆ. ಇದಕ್ಕೆ ಇನ್ನೂ ಬೇಗ ತಣ್ಣಗೆ ಮಾಡಬೇಕೋ ಅಥವಾ 600ಕ್ಕೇ ತೆಗೆಯಬೇಕೋ?

ಅದಾದ ಮೇಲೆ ಹೀಗೇ ಇನ್ನೂ ಮೂರು ಮಾಡಿದೆವು, ಒಂದು ಬೆಳಿಗ್ಗೆ, ಎರಡು ಮಧ್ಯಾಹ್ನ. 23, 24, 23 ಮಿಮೀ.

ಶಹಾಪುರದವಳು

ಓದಿ ಎಷ್ಟು ಖುಷಿ ಆಯಿತು ಅಂತ ಹೇಳಲು ಆಗುವುದಿಲ್ಲ. 1 ಮಿಮೀ ಪದರಕ್ಕೆ ಚಿಂತೆ ಮಾಡಬೇಡಿ, ಸ್ವಲ್ಪ ಇಳಿಯುವುದು ಸಹಜ. ಮುಂದಿನದನ್ನು 600ಕ್ಕೆ ತೆಗೆದು ನೋಡಿ. ಹೊರಗೆ ತೆಗೆದ ಮೇಲೂ ಒಳಗೆ ಗ್ಯಾಸ್ ಬರುತ್ತಲೇ ಇರುತ್ತದೆ, ಹಾಗಾಗಿ ಎರಡೂ ಕಡೆಯಿಂದ ಒಂದೇ ಸಮನೆ ಗಾಳಿ ಬಿಡಿ, ಮೇಲಿನಿಂದ ಮಾತ್ರ ಬಿಟ್ಟರೆ ಕೆಳಗೆ ಇಳಿಯಲು ಜಾಸ್ತಿ ಹೊತ್ತು ಸಿಗುತ್ತದೆ. ತಟ್ಟೆಯ ಮೇಲೇ ಬಿಟ್ಟು ತಣಿಸುತ್ತಿದ್ದರೆ ಮೊದಲು ಅದರಿಂದ ಇಳಿಸಿ ಜಾಲರಿ ಮೇಲೆ ಇಡಿ. ಮತ್ತೆ ತೂಕ ನೋಡಿದಿರಾ?

ಕಪನೂರ್_ಮೆಕ್

ನೋಡಿದೆ ಅಕ್ಕಾ. ಕೊಯ್ಯದೆ ಇಟ್ಟ 24 ಮಿಮೀ ತುಂಡು 215 ಗ್ರಾಂ. ಲೆಕ್ಕ ಹಾಕಿದರೆ ನೀರಿಗಿಂತ ಹಗುರ ಬಂತು. ಪೂರ್ತಿ ತಣ್ಣಗಾದ ಮೇಲೆ ಅಪ್ಪನ ಮುಂದೆ ಬಕೆಟ್ ನೀರಿಗೆ ಬಿಟ್ಟೆ. ತೇಲಿತು, ಮೇಲೆ ಬೆರಳಿನಷ್ಟೂ ಕಾಣದ ಹಾಗೆ, ಆದರೂ ಮುಳುಗಲಿಲ್ಲ. ಅಪ್ಪ ಕೈಯಲ್ಲಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದರು. ಆಮೇಲೆ ಜರಡಿಯ ಯಾವ ಮೂಲೆ ಮೊದಲು ಬಿಡುತ್ತದೆ ಅಂತ ಚಾಕ್‌ಪೀಸ್‌ನಲ್ಲಿ ನೆಲದ ಮೇಲೆ ಬರೆದು ತೋರಿಸಲು ಕೂತರು.